ಬೆಳಕು, ನಿದ್ರೆ ಮತ್ತು ಮನಸ್ಸು



ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎಂದು ನಾನೂ ಬೈದವನೇ. ಡಾ. ನಾರ್ಮನ್ ರೋಸೆಂತಾಲ್ ಅವರ ಸಂಶೋಧನೆಯ ಬಗ್ಗೆ ಓದಿದ ಮೇಲೆ ಆ ಮಾತು ಬಾಯಿಗೆ ಬಂದರೂ ತಡೆದುಕೊಳ್ಳುತ್ತೇನೆ.

ಇವರು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮನೋವೈದ್ಯರು. 1976ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿನ ಚಳಿಗಾಲದಲ್ಲಿ ಹಗಲು ಕಿರಿದಾದಂತೆ ತಮ್ಮ ಹುರುಪೂ ಕುಗ್ಗುವುದು, ವಸಂತದಲ್ಲಿ ಮರಳುವುದು ಅವರ ಗಮನಕ್ಕೆ ಬಂತು. ಮುಂದೆ ಅವರು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸೇರಿದರು. ಅಲ್ಲಿಗೆ ಒಬ್ಬ ಇಂಜಿನಿಯರ್ ಬಂದಿದ್ದರು. ತಮ್ಮ ಮನಸ್ಸಿನ ಏರಿಳಿತವನ್ನು ವರ್ಷಗಟ್ಟಲೆ ಬರೆದಿಟ್ಟಿದ್ದರು. ಪ್ರತಿ ಚಳಿಗಾಲವೂ ಅದೇ ಖಿನ್ನತೆ! ಬೆಳಿಗ್ಗೆ, ಸಂಜೆ ಪ್ರಖರ ದೀಪದ ಮುಂದೆ ಕೂರಿಸಿದಾಗ ಕೆಲವೇ ದಿನಗಳಲ್ಲಿ ಗೆಲುವಾದರು. ರೋಗಿಯೇ ಬರೆದಿಟ್ಟ ಟಿಪ್ಪಣಿ ವಿಜ್ಞಾನಕ್ಕೆ ದಾರಿ ತೋರಿತು ನೋಡಿ.

1984ರಲ್ಲಿ ರೋಸೆಂತಾಲ್ ಮತ್ತು ಸಂಗಡಿಗರು ಇಂಥ 29 ರೋಗಿಗಳ ವರದಿ ಪ್ರಕಟಿಸಿ, ಕಾಯಿಲೆಗೆ 'ಋತುಮಾನದ ಖಿನ್ನತೆ' ಎಂಬ ಅರ್ಥದ ಹೆಸರಿಟ್ಟರು. ಇದರಲ್ಲಿ ನಿದ್ರೆ ಕಡಿಮೆಯಲ್ಲ, ಅತಿಯಾಗುತ್ತದೆ. ನೋಡುವವರಿಗೆ ಅದು ಆಲಸ್ಯ!

ನಮ್ಮಲ್ಲಿ ಅಂಥ ದೀರ್ಘ ಕತ್ತಲಿನ ಚಳಿಗಾಲವಿಲ್ಲ, ನಿಜ. ಆದರೆ 1987ರಲ್ಲಿ ಥಾಮಸ್ ವೆರ್ ಅವರೊಡನೆ ಬರೆದ ಲೇಖನ ನಮಗೂ ಸಲ್ಲುತ್ತದೆ: ನಿದ್ರೆ ಕಡಿಮೆಯಾಗುವುದೇ ಕೆಲವರಲ್ಲಿ ಉನ್ಮಾದವನ್ನು ಕೆರಳಿಸಬಹುದು. ಪರೀಕ್ಷೆಗೆಂದು ರಾತ್ರಿಯಿಡೀ ಕೂರುವವರೇ, ಕೇಳಿದಿರಾ?

ನಿದ್ರೆ ಕೆಟ್ಟು, ಮನಸ್ಸೂ ಎರಡು ವಾರ ಮೇಲೇಳದಿದ್ದರೆ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಹೇಳಲು ಸಂಕೋಚವಾದರೆ 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿಯಿದೆ, ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು.