ಸೀರೆ ಕೇಳದ ಅಳತೆ, ರವಿಕೆ ಕೇಳುವ ಅಳತೆ

ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ಛತ್ರ, ಆಮೇಲೆ ಅಡುಗೆಯವರು, ಅದಾದ ಮೇಲೆ ಜವಳಿ ಎಂಬ ಕ್ರಮವಿತ್ತು. ಈಗಿನ ಪಟ್ಟಿಗೆ ಇನ್ನೊಂದು ಬಾಬು ಸೇರಿಕೊಂಡಿದೆ: ಮೈತೂಕ. ಮದುಮಗಳು ಮಾತ್ರವಲ್ಲ, ಅವಳ ತಾಯಿ, ಚಿಕ್ಕಮ್ಮ, ಅತ್ತಿಗೆ ಎಲ್ಲರೂ ಧಾರೆಯ ದಿನದೊಳಗೆ ಐದೋ ಹತ್ತೋ ಕಿಲೋ ಇಳಿಸಿಬಿಡಬೇಕೆಂದು ಪಣ ತೊಡುತ್ತಾರೆ. ರಾತ್ರಿಯ ಅನ್ನ ನಿಲ್ಲುತ್ತದೆ, ಮಧ್ಯಾಹ್ನದ್ದು ಅರ್ಧವಾಗುತ್ತದೆ. ಯಾಕೆಂದು ಕೇಳಿದರೆ ಸಕ್ಕರೆ ಕಾಯಿಲೆಯ ಹೆಸರೋ ಮಂಡಿನೋವಿನ ಹೆಸರೋ ಬರುವುದು ಅಪರೂಪ. ‘ಸೀರೆ ಉಟ್ಟರೆ ನೋಡುವ ಹಾಗಿರಬೇಕಲ್ಲ’ ಎಂಬುದೇ ಉತ್ತರ.

ಈ ಉತ್ತರದಲ್ಲಿ ಒಂದು ವಿಚಿತ್ರವಿದೆ. ಹೆಂಗಸರು ಉಡುವ ಬಟ್ಟೆಗಳಲ್ಲಿ ಅಳತೆಯನ್ನೇ ಕೇಳದ ಬಟ್ಟೆಯೆಂದರೆ ಸೀರೆ. ಮಗ್ಗದಿಂದ ಇಳಿದ ಸೀರೆಗೆ ಉಡುವವರು ಯಾರೆಂದು ಗೊತ್ತಿರುವುದಿಲ್ಲ. ಅಜ್ಜಿಯ ಸೀರೆ ಮೊಮ್ಮಗಳಿಗೆ ಆಗುತ್ತದೆ. ಬೇಕಾದರೆ ಲೆಕ್ಕವನ್ನೇ ಹಾಕಿ ನೋಡಬಹುದು. ಈಗಿನ ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ. ಅದು ಸೊಂಟವನ್ನು ಹೆಚ್ಚುಕಡಿಮೆ ಎರಡು ಸುತ್ತು ಬರುತ್ತದೆ. ಸೊಂಟದ ಸುತ್ತಳತೆ 4 ಅಂಗುಲ ಹೆಚ್ಚಿತೆಂದರೆ ಎರಡು ಸುತ್ತಿಗೆ 8 ಅಂಗುಲ ಬಟ್ಟೆ ಹೆಚ್ಚಿಗೆ ಬೇಕು. 5 ಅಂಗುಲ ಅಗಲದ ಒಂದು ನೆರಿಗೆ ನುಂಗುವ ಬಟ್ಟೆ 10 ಅಂಗುಲ. ಅಂದರೆ ಮೈ ಅಷ್ಟು ಬೆಳೆದದ್ದಕ್ಕೆ ಸೀರೆ ವಿಧಿಸುವ ದಂಡ ಒಂದೇ ಒಂದು ನೆರಿಗೆ. ಎಣಿಸಿದವರಿಗೆ ಮಾತ್ರ ತಿಳಿಯುವ ವ್ಯತ್ಯಾಸ ಇದು. ಅದೇ 4 ಅಂಗುಲ ರವಿಕೆಯ ಪಾಲಿಗೆ ಬಂದರೆ ಹುಕ್ಕುಗಳು ಮುಟ್ಟುವುದೂ ಇಲ್ಲ.

ಹಾಗಾದರೆ ಮೈಯನ್ನು ಅಳೆಯುತ್ತಿರುವುದು ಸೀರೆಯಲ್ಲ, ಅದರ ಜೊತೆಗಿರುವ ಹೊಲಿದ ಬಟ್ಟೆ.

ಹೊಲಿದ ಬಟ್ಟೆಯೂ ಹಿಂದೆ ಇಷ್ಟು ನಿಷ್ಠುರವಾಗಿರಲಿಲ್ಲ. ಇಳಕಲ್ ಸೀರೆಯ ಜೊತೆಗಾರ ಗುಳೇದಗುಡ್ಡದ ಖಣ. ಅದರಿಂದ ಹೊಲಿಯುತ್ತಿದ್ದ ಹಳೆಯ ಕುಬಸದ ಮುಂಭಾಗದ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕುತ್ತಿದ್ದರು. ಗಂಟಿಗೆ ಇಂಚುಪಟ್ಟಿ ಬೇಕಿಲ್ಲ. ಮೈ ಬಂದರೆ ಸಡಿಲ, ಸೊರಗಿದರೆ ಬಿಗಿ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಸುರಿಗೆ ಸೀರೆ, ಖಣ ತಂದು ಮಾಡುವ ಶಾಸ್ತ್ರದ ಹೆಸರೇ ಕುಬಸ. ಹೆಣ್ಣಿನ ಮೈ ಅತ್ಯಂತ ವೇಗವಾಗಿ ಬದಲಾಗುವ ತಿಂಗಳುಗಳಲ್ಲೇ ಅವಳಿಗೆ ಹೊಸ ಕುಪ್ಪಸ ಉಡುಗೊರೆಯಾಗಿ ಬರುತ್ತಿತ್ತು ಎಂಬುದನ್ನು ಗಮನಿಸಬೇಕು. ಹಳೇ ಮೈಸೂರಿನ ಕಡೆ ಅರಿಸಿನ ಕುಂಕುಮದ ಜೊತೆ ಕೊಡುವ ರವಿಕೆ ಕಣವೂ ಹಾಗೆಯೇ. ಕೊಡುವವರು ತೆಗೆದುಕೊಳ್ಳುವವರ ಅಳತೆ ಕೇಳುವುದಿಲ್ಲ, ಯಾಕೆಂದರೆ ಅದು ಇನ್ನೂ ಹೊಲಿಯದ ತುಂಡು.

ಉಡುವ ಬಗೆಯೂ ಒಂದೇ ಇರಲಿಲ್ಲ. ಗದ್ದೆ ಕೆಲಸಕ್ಕೂ ಪೂಜೆಗೂ ಕಚ್ಚೆ ಸೀರೆ ಇತ್ತು. ಕೊಡಗಿನಲ್ಲಿ ನೆರಿಗೆ ಬೆನ್ನ ಹಿಂದೆ, ಸೆರಗು ಬಲ ಭುಜದ ಮೇಲೆ. ನೆರಿಗೆಯನ್ನು ಹಿಂದಕ್ಕೆ ತಳ್ಳಿದವಳು ಸ್ವತಃ ಕಾವೇರಿ ಎಂದು ಅಲ್ಲಿಯ ಐತಿಹ್ಯ ಹೇಳುತ್ತದೆ. ಈ ಯಾವ ಬಗೆಯಲ್ಲೂ ಹೊಟ್ಟೆ ಎಷ್ಟು ಚಪ್ಪಟೆ ಎಂಬ ಪ್ರಶ್ನೆ ಏಳುವುದಿಲ್ಲ. ಎಡ ಭುಜಕ್ಕೆ ಪಿನ್ನು ಹಾಕಿ, ಸೆರಗನ್ನು ಕಿರಿದಾಗಿ ಮಡಿಸಿ, ಹೊಕ್ಕಳಿನ ಕೆಳಗೆ ನೆರಿಗೆ ಸಿಕ್ಕಿಸುವ ಬಗೆಯೊಂದರಲ್ಲಿ ಮಾತ್ರ ಆ ಪ್ರಶ್ನೆ ಏಳುತ್ತದೆ. ಎಲ್ಲರೂ ‘ಸಾಂಪ್ರದಾಯಿಕ’ ಎಂದು ಕರೆಯುತ್ತಿರುವುದು ಈಗ ಅದನ್ನೇ.

ಒಳಲಂಗ, ರವಿಕೆಗಳ ಜೊತೆಗೂಡಿದ ಈ ಉಡುಗೆ ದೇಶದ ವಿದ್ಯಾವಂತ ಮನೆಗಳಿಗೆ ಹಬ್ಬಿದ ಕಥೆಯಲ್ಲಿ ಒಂದು ಹೆಸರು ಮುಖ್ಯ. ಅದು ಜ್ಞಾನದಾನಂದಿನಿ ದೇವಿಯದು. ರವೀಂದ್ರನಾಥ ಠಾಕೂರರ ಅತ್ತಿಗೆ. ಆಕೆಯ ಪತಿ ಸತ್ಯೇಂದ್ರನಾಥರು 1863ರಲ್ಲಿ ಸಿವಿಲ್ ಸರ್ವೀಸಿಗೆ ಆಯ್ಕೆಯಾದ ಮೊದಲ ಭಾರತೀಯರು. ಅವರ ಕೆಲಸ ಮುಂಬಯಿ ಪ್ರಾಂತದಲ್ಲಿ. ನಮ್ಮ ಕಾರವಾರದಲ್ಲೂ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬಂಗಾಳದ ಹೆಂಗಸರು ಆಗ ಮನೆಯೊಳಗೆ ಉಡುತ್ತಿದ್ದ ಒಂಟಿ ಸೀರೆ ಹೊರಗಿನ ಸಭೆಗಳಿಗೆ ಸಾಲದಾಯಿತು. ಮುಂಬಯಿಯ ಪಾರ್ಸಿ ಹೆಂಗಸರ ರೀತಿಯನ್ನು ನೋಡಿ, ತಿದ್ದಿ, ರವಿಕೆ ಲಂಗಗಳನ್ನು ಸೇರಿಸಿ ಆಕೆ ಹೊಸ ಉಡುಗೆಯೊಂದನ್ನು ರೂಢಿಸಿದರು; ಕಲ್ಕತ್ತೆಗೆ ಮರಳಿ ಬೇರೆಯವರಿಗೂ ಕಲಿಸಿದರು. ಹೆಂಗಸು ಹೊಸಿಲು ದಾಟಿ ಹೊರಬರಲು ಈ ಉಡುಗೆ ನೆರವಾಯಿತು. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಹೊಸಿಲು ದಾಟಿಸಿದ ಬಟ್ಟೆಯ ಜೊತೆಗೇ ದರ್ಜಿಯ ಇಂಚುಪಟ್ಟಿಯೂ ಬಂತು.

ಬಗೆಬಗೆಯ ಉಡುಗೆಗಳು ಇನ್ನೂ ಸರಿಸಮನಾಗಿ ಕುಳಿತಿದ್ದ ಕಾಲವನ್ನು ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ರಾಜಾ ರವಿವರ್ಮ 1889ರಲ್ಲಿ ಮೈಸೂರು ಅರಸರಿಗಾಗಿ ಬರೆದ ಸಂಗೀತಗಾರ್ತಿಯರ ಚಿತ್ರ ಅಲ್ಲಿದೆ. ದೇಶದ ಬೇರೆ ಬೇರೆ ಭಾಗಗಳ ಹನ್ನೊಂದು ಹೆಂಗಸರು, ಒಬ್ಬೊಬ್ಬರದು ಒಂದೊಂದು ಉಡುಗೆ. ಒಬ್ಬರೂ ಬಳ್ಳಿನಡುವಿನವರಲ್ಲ. ತುಂಬು ತೋಳು, ದುಂಡು ಮುಖ. ಮುಂದೆ ರವಿವರ್ಮನ ಅಚ್ಚುಕೂಟದಿಂದ ಮನೆಮನೆಯ ಗೋಡೆಗೆ ಬಂದ ಲಕ್ಷ್ಮಿ ಸರಸ್ವತಿಯರದೂ ಇದೇ ಮೈಕಟ್ಟು. ಇವತ್ತು ಆ ಸರಸ್ವತಿ ಜವಳಿ ಅಂಗಡಿಯ ಜಾಹೀರಾತಿಗೆ ನಿಂತರೆ ‘ಸ್ವಲ್ಪ ಇಳಿಸಿ ಬನ್ನಿ’ ಎಂದು ಹೇಳಿ ಕಳಿಸಿಯಾರು.

ಹಾಗೆಂದು ಹಳೆಯ ಕಾಲ ದಯೆಯ ಕಾಲವಾಗಿತ್ತು ಎಂದೇನೂ ತಿಳಿಯಬೇಕಾಗಿಲ್ಲ. ‘ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ’ ಎಂದು ಹೊಗಳುತ್ತಿದ್ದ ನಾಲಗೆಯೇ ತೆಳ್ಳಗಿನ ಹುಡುಗಿಯನ್ನು ‘ಒಣಕಲು ಕಡ್ಡಿ’ ಎಂದೂ ಹಂಗಿಸುತ್ತಿತ್ತು. ಬರ, ರೋಗ, ಮೇಲಿಂದ ಮೇಲೆ ಹೆರಿಗೆ ಇದ್ದ ಕಾಲದಲ್ಲಿ ಮೈ ತುಂಬಿರುವುದು ಅನ್ನ ಇರುವ ಮನೆಯ ಗುರುತು. ಅನ್ನ ಸುಲಭವಾದಾಗ ಗುರುತು ತಿರುಗುಮುರುಗಾಯಿತು. ಅತಿ ಸ್ಥೂಲತೆ ಕೇಡೆಂಬ ತಿಳಿವು ಕೂಡ ಹೊಸದಲ್ಲ. ಅತಿ ದಪ್ಪ, ಅತಿ ತೆಳು ಎರಡನ್ನೂ ಚರಕ ಸಂಹಿತೆ ನಿಂದಿತ ದೇಹಗಳ ಪಟ್ಟಿಗೆ ಸೇರಿಸುತ್ತದೆ; ಎರಡರಲ್ಲಿ ದಪ್ಪಕ್ಕೆ ಚಿಕಿತ್ಸೆ ಹೆಚ್ಚು ಕಷ್ಟವೆಂದೂ ಹೇಳುತ್ತದೆ. ಆದರೆ ಅಲ್ಲಿ ಮಾತು ಏದುಸಿರು, ಹಸಿವೆ, ಆಯಸ್ಸಿನದು, ಉಡುಗೆಯದಲ್ಲ.

ಉಡುಗೆಯ ಮಾತು ಶುರುವಾದದ್ದು ಚಿತ್ರ ಚಲಿಸತೊಡಗಿದ ಮೇಲೆ. ಸಿನಿಮಾದ ನಾಯಕಿಗೆ ಒದ್ದೆ ಸೀರೆ, ಮೈಗಂಟುವ ಸೀರೆ ಬಂತು. ಆಮೇಲೆ ಮದುವೆಮನೆಗೂ ವಿಡಿಯೋದವನು ಬಂದ. ಮೊದಲು ಮದುವೆಯ ನೆನಪು ಹತ್ತು ಫೋಟೋಗಳಲ್ಲಿ ಮುಗಿಯುತ್ತಿತ್ತು, ಅದರಲ್ಲೂ ಎಲ್ಲರೂ ನೆಟ್ಟಗೆ ಎದುರಿಗೆ ನಿಂತಿರುತ್ತಿದ್ದರು. ಈಗ ಊಟದ ಎಲೆಯ ಮುಂದೆ ಬಗ್ಗಿದ ಭಂಗಿಯೂ ದಾಖಲಾಗುತ್ತದೆ, ಅರ್ಧ ಗಂಟೆಯೊಳಗೆ ನೆಂಟರ ಮೊಬೈಲುಗಳಲ್ಲಿ ಹರಿದಾಡುತ್ತದೆ. ಹೆಂಗಸರಿಗೆ ಅಳುಕು ಹುಟ್ಟಿದ್ದರೆ ಅದಕ್ಕೆ ಕಾರಣವಿದೆ. ಅಂಗಡಿಯವರೂ ಸುಮ್ಮನಿಲ್ಲ. ಮೀನಿನ ಬಾಲದ ಹಾಗೆ ಹೊಲಿದ, ಹೊಟ್ಟೆ ತೊಡೆಗಳನ್ನು ಒತ್ತಿ ಹಿಡಿಯುವ ಬಿಗಿ ಲಂಗಗಳು ಬಂದಿವೆ. ನೆರಿಗೆ ಹೊಲಿದು ಜಿಪ್ಪು ಇಟ್ಟ ಸಿದ್ಧ ಸೀರೆಯೂ ಬಂದಿದೆ. ಅಳತೆಯಿಲ್ಲದ ಸೀರೆಗೂ ಕೊನೆಗೆ ಅಳತೆ ಬಂತು.

ಇದರ ಎದುರಿಗೆ ಒಂದು ದೃಶ್ಯವನ್ನು ಇಡಬಹುದು. 2021ರ ನವೆಂಬರಿನಲ್ಲಿ ಅಂಕೋಲದ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಸಾವಿರಾರು ಗಿಡ ಬೆಳೆಸಿದ ಹಾಲಕ್ಕಿ ಒಕ್ಕಲಿಗರ ಈ ಹಿರಿಯೆ ಬರಿಗಾಲಿನಲ್ಲಿ, ತಮ್ಮವರು ತಲೆಮಾರುಗಳಿಂದ ಉಟ್ಟ ರೀತಿಯಲ್ಲೇ, ರವಿಕೆಯಿಲ್ಲದ ಸೀರೆ ಮತ್ತು ಮಣಿಸರಗಳಲ್ಲಿ ಆ ಸಭಾಂಗಣದ ಉದ್ದಕ್ಕೂ ನಡೆದು ಹೋದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಮತ್ತೆ ಪ್ರಕಟಿಸಿದ್ದು ಅದೇ ಚಿತ್ರವನ್ನು. ಉಟ್ಟ ಬಟ್ಟೆಯ ಬಗ್ಗೆ ಅಳುಕಿಲ್ಲದ ನಡಿಗೆ ಹೇಗಿರುತ್ತದೆಂದು ನೋಡಬೇಕಾದವರು ಅದನ್ನು ನೋಡಬಹುದು.

ಇನ್ನು ಈ ವಿಷಯದ ಮತ್ತೊಂದು ಮುಖ. ಸೀರೆಯ ಔದಾರ್ಯವೇ ಒಮ್ಮೊಮ್ಮೆ ಮೋಸವಾಗುತ್ತದೆ. ಒಂದು ನೆರಿಗೆ ಕಡಿಮೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಲಂಗದ ಲಾಡಿಯ ಗಂಟು ವರ್ಷಕ್ಕೊಂದಿಷ್ಟು ತುದಿಗೆ ಸರಿಯುತ್ತ ಹೋಗುತ್ತದೆ. ಪ್ಯಾಂಟಿನ ಗುಂಡಿಯಂತೆ ಕೂಗಿ ಹೇಳುವುದು ಈ ಉಡುಗೆಯಲ್ಲಿ ರವಿಕೆಯೊಂದೇ, ಅದನ್ನೂ ಹೊಸದು ಹೊಲಿಸಿ ಬಾಯಿ ಮುಚ್ಚಿಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿಯ ತೂಕ ಅಗತ್ಯಕ್ಕಿಂತ ಹೆಚ್ಚು, ಸುಮಾರು 19 ಮಂದಿಯದು ಅಗತ್ಯಕ್ಕಿಂತ ಕಡಿಮೆ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುವುದರಿಂದ ನಮಗೆ ಹಾಕಿದ ಗೆರೆ ಪಾಶ್ಚಾತ್ಯರದಕ್ಕಿಂತ ಕೆಳಗಿದೆ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಬೊಜ್ಜು. 5 ಅಡಿ ಎತ್ತರದ ಹೆಂಗಸಿಗೆ ಇವು ಸುಮಾರು 53 ಮತ್ತು 58 ಕಿಲೋ ಆಗುತ್ತವೆ. ಹೊಟ್ಟೆಯ ಸುತ್ತಳತೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ಮೀರಬಾರದು.

ಗಂಡಸರ ಮಾತು ಬಂದದ್ದರಿಂದ ಹೇಳಬೇಕು: ಅದೇ ಸಮೀಕ್ಷೆಯಲ್ಲಿ ಅವರಲ್ಲೂ ನೂರಕ್ಕೆ ಸುಮಾರು 23 ಮಂದಿ ತೂಕ ಹೆಚ್ಚಿದವರೇ. ಆದರೆ ಧಾರೆಮಂಟಪದಲ್ಲಿ ಹೊಟ್ಟೆಯ ಕೆಳಗೆ ಪಂಚೆ ಬಿಗಿದು, ಮೇಲೊಂದು ಶಲ್ಯ ಹೊದ್ದು ನಿಂತ ಮದುಮಗನ ಅಪ್ಪನಿಗೆ ‘ಪಂಚೆ ಒಪ್ಪುವುದಿಲ್ಲ, ಇಳಿಸಿ’ ಎಂದವರುಂಟೇ?

ಇಳಿಸಬೇಕಾದ ತೂಕ ಇದ್ದರೆ ಇಳಿಸಬೇಕು, ಸರಿ. ಆದರೆ ಮದುವೆಯ ದಿನಾಂಕ ಗಡುವಾದರೆ ಕೆಲಸ ಕೆಡುತ್ತದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಎಂಬುದು ವೈದ್ಯರು ಒಪ್ಪುವ ವೇಗ. ಒಂದೇ ತಿಂಗಳಲ್ಲಿ ಹತ್ತು ಕಿಲೋ ಎಂದು ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯವಿದೆ. ಕೂದಲು ಉದುರುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಂದರೆ ಧಾರೆ ಮುಗಿದು ಹುಡುಗಿ ಗಂಡನ ಮನೆಯಲ್ಲಿ ತಲೆ ಬಾಚಿಕೊಳ್ಳುವ ಹೊತ್ತಿಗೆ. ಇಷ್ಟಕ್ಕೂ ಮೈಗೆ ಬೇಕಾಗಿರುವುದು ಅಷ್ಟೊಂದಲ್ಲ. ತೂಕ ಹೆಚ್ಚಿದವರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ರಕ್ತದ ಸಕ್ಕರೆ, ಒತ್ತಡಗಳು ಸುಧಾರಿಸುತ್ತವೆ. 70 ಕಿಲೋದವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಕನ್ನಡಿಯಲ್ಲಿ ಅದು ಕಾಣದೇ ಇರಬಹುದು, ರಕ್ತಪರೀಕ್ಷೆಯಲ್ಲಿ ಕಾಣುತ್ತದೆ.

ಮೈ ಇಳಿಸಲಾಗದವರು ಲಾಡಿ ಬಿಗಿಯುತ್ತಾರೆ. ಇದರ ಬಗ್ಗೆ ಎರಡು ಮಾತು ಅಗತ್ಯ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸಣ್ಣ ಲಾಡಿಯನ್ನು ಬಿಗಿದು ಕಟ್ಟಿದರೆ ಸೊಂಟದ ಚರ್ಮ ಕಪ್ಪಾಗುತ್ತದೆ, ಸುಲಿಯುತ್ತದೆ, ಕೆಲವರಲ್ಲಿ ಮಾಯದ ಹುಣ್ಣಾಗುತ್ತದೆ. ಅಂಥ ಹುಣ್ಣು ಕ್ಯಾನ್ಸರಿಗೆ ತಿರುಗಿದ ಇಬ್ಬರು ವಯಸ್ಸಾದ ಹೆಂಗಸರ ಪ್ರಕರಣಗಳನ್ನು ಭಾರತದ ವೈದ್ಯರು 2024ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಇದು ಅಪರೂಪ, ಸೀರೆ ಉಡುವವರೆಲ್ಲ ಹೆದರಬೇಕಾಗಿಲ್ಲ. ಲಾಡಿಯ ಬದಲು ಅಗಲ ಪಟ್ಟಿಯ ಲಂಗ ಹೊಲಿಸಿಕೊಂಡರೆ, ಕಟ್ಟುವ ಜಾಗವನ್ನು ಆಗಾಗ ಬದಲಿಸಿದರೆ ಸಾಕು. ಮಾಯದ ಹುಣ್ಣಿದ್ದರೆ ಮಾತ್ರ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ಉಳಿದದ್ದು ದರ್ಜಿಯ ಕೈಯಲ್ಲಿದೆ. ಹಳೆಯ ಅಳತೆ ರವಿಕೆಯನ್ನೇ ಕೊಟ್ಟು ‘ಇದರ ಹಾಗೇ ಹೊಲಿಯಿರಿ, ಅಷ್ಟರೊಳಗೆ ಇಳಿಸಿಕೊಳ್ಳುತ್ತೇನೆ’ ಎನ್ನುವವರೇ ಮುಹೂರ್ತದ ಬೆಳಿಗ್ಗೆ ಉಸಿರು ಕಟ್ಟಿ ಹುಕ್ಕು ಹಾಕಿಸಿಕೊಳ್ಳುವವರು. ಅಂದಿನ ಮೈಯನ್ನೇ ಅಳೆಸಿ, ಬಗಲಿನ ಒಳಗಡೆ ಒಂದೊಂದು ಅಂಗುಲ ಬಟ್ಟೆ ಬಿಡಿಸಿ, ಮೂರು ಸಾಲು ಹೊಲಿಗೆ ಹಾಕಿಸುವುದು ಜಾಣರ ಪದ್ಧತಿ. ದಪ್ಪಗಾದರೆ ಒಳಗಿನ ಸಾಲು ಬಿಚ್ಚಿದರಾಯಿತು, ಇಳಿದರೆ ಇನ್ನೊಂದು ಸಾಲು ಸೇರಿಸಿದರಾಯಿತು. ಹತ್ತಿಯ ರವಿಕೆಯಲ್ಲಿ ಬಿಚ್ಚಿದ ಹೊಲಿಗೆಯ ಗುರುತು ಎರಡು ಒಗೆತಕ್ಕೆ ಮಾಯವಾಗುತ್ತದೆ. ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. ಆದ್ದರಿಂದ ಧಾರೆಯ ರವಿಕೆಯನ್ನು ಮೊದಲೇ ಒಂದು ಬೆರಳು ಸಡಿಲವಾಗಿ ಹೊಲಿಸಿದರೆ ಒಳ್ಳೆಯದು, ಎಲೆಯ ಮುಂದೆ ಕೂತಾಗ ಹೋಳಿಗೆಗೂ ಜಾಗ ಇರುತ್ತದೆ.