ವಿಮಾನ ಚಾಲಕರ ಡ್ಯೂಟಿ ಪಟ್ಟಿ

2010ರ ಮೇ 22ರ ಮುಂಜಾನೆ ಮಂಗಳೂರಿನ ಬಜ್ಪೆಯಲ್ಲಿ ನಡೆದ ವಿಮಾನ ದುರಂತದ ಬಗ್ಗೆ ನಿಮ್ಮಲ್ಲಿ ಅನೇಕರು ಮನೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ರನ್‌ವೇಯ ಕೊನೆಯನ್ನು ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಪ್ರಾಣ ಕಳೆದುಕೊಂಡರು. ಇಳಿಯುವ ಹಾದಿ ಸರಿಯಾಗಿಲ್ಲವೆಂದು ತಿಳಿದ ಮೇಲೂ ಕ್ಯಾಪ್ಟನ್ ಆ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಲಿಲ್ಲ ಎಂಬುದು ಮುಖ್ಯ ಕಾರಣವೆಂದು ವಿಚಾರಣಾ ವರದಿ ಹೇಳಿತು. ಅದರ ಜೊತೆಗೆ ಇನ್ನೊಂದು ಅಂಶವನ್ನೂ ಅದು ಗುರುತಿಸಿತು. ಕಾಕ್‌ಪಿಟ್ಟಿನ ಧ್ವನಿಮುದ್ರಣ ಯಂತ್ರದಲ್ಲಿ ಸಿಕ್ಕಿದ್ದು ಸುಮಾರು ಎರಡು ಗಂಟೆಯ ಧ್ವನಿ. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳಲ್ಲಿ ಇಬ್ಬರು ಚಾಲಕರ ನಡುವೆ ಮಾತಿಲ್ಲ. ಗೊರಕೆಯ ಸದ್ದು ಇತ್ತು. ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿಯ ಅವಧಿ ದೊರೆತಿದ್ದರೂ ಕ್ಯಾಪ್ಟನ್ ದೀರ್ಘ ಕಾಲ ನಿದ್ರಿಸಿದ್ದರು, ಆ ನಿದ್ರೆಯ ಮಂಪರು ಅವರ ನಿರ್ಧಾರದ ಮೇಲೆ ಪರಿಣಾಮ ಬೀರಿರಬಹುದು ಎಂದು ವರದಿ ಬರೆಯಿತು.

‘ಸಾಕಷ್ಟು ವಿಶ್ರಾಂತಿ ದೊರೆತಿದ್ದರೂ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲೋಣ. ಕಾಗದದ ಮೇಲೆ ವಿಶ್ರಾಂತಿ ಇತ್ತು. ಆದರೆ ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು, ದುಬೈ ಮುಟ್ಟಿ, ಅಲ್ಲಿಂದಲೇ ತಿರುಗಿ ಬೆಳಗಿನ ಆರರ ಸುಮಾರಿಗೆ ಮಂಗಳೂರಿನಲ್ಲಿ ಇಳಿಯಬೇಕಾಗಿತ್ತು. ಅಂದರೆ ಮನುಷ್ಯದೇಹವು ಅತ್ಯಂತ ಮಂದವಾಗಿರುವ ಹೊತ್ತನ್ನು ಆಕಾಶದಲ್ಲೇ ಕಳೆದಿದ್ದರು. ಯಾವ ಚಾಲಕ ಯಾವ ದಿನ ಯಾವ ಹೊತ್ತಿಗೆ ಹಾರಬೇಕು ಎಂದು ಯಾರು, ಯಾವ ನಿಯಮದ ಪ್ರಕಾರ ನಿರ್ಧರಿಸುತ್ತಾರೆ? ಇಂದು ನಾನು ಹೇಳಹೊರಟಿರುವುದು ಈ ವಿಷಯವನ್ನೇ.

ವಿಜ್ಞಾನ ಓದಿ ದೂರದರ್ಶನಕ್ಕೆ ಬಂದ ನನಗೂ ಡ್ಯೂಟಿ ಚಾರ್ಟಿನ ಅನುಭವ ಇದೆ. ಬಹಳ ವರ್ಷಗಳ ಹಿಂದೆ, ನಾನು ಕೆಲಸಕ್ಕಿದ್ದ ಒಂದು ಕಡೆ, ರಾತ್ರಿ ಎರಡು ಗಂಟೆಯವರೆಗೆ ಯಕ್ಷಗಾನದ ಚಿತ್ರೀಕರಣ. ಬೆಳಿಗ್ಗೆ ಎಂಟಕ್ಕೆ ಸ್ಟುಡಿಯೋದಲ್ಲಿ ನೇರಪ್ರಸಾರ. ‘ನಡುವೆ ಆರು ಗಂಟೆ ಬಿಡುವು ಇದೆಯಲ್ಲ’ ಎಂದರು ಚಾರ್ಟ್ ಹಾಕಿದವರು. ಸಾಮಾನು ಕಟ್ಟಲು ಒಂದು ಗಂಟೆ, ಮನೆಗೆ ಹೋಗಲು ಒಂದು, ಮತ್ತೆ ಬರಲು ಒಂದು, ಸ್ನಾನ ತಿಂಡಿಗೆ ಅರ್ಧ. ಉಳಿದ ಎರಡೂವರೆ ಗಂಟೆಯ ನಿದ್ರೆ ಮುಗಿಸಿ ಬಂದು ಕೂತ ನಾನು, ಮೂರನೆಯ ಕ್ಯಾಮೆರಾ ಎನ್ನಬೇಕಾದಲ್ಲಿ ಎರಡು ಎಂದೆ. ವೀಕ್ಷಕರು ಕೆಲವು ಕ್ಷಣ ಒಂದು ಖಾಲಿ ಕುರ್ಚಿಯನ್ನು ನೋಡಿದರು, ಅಷ್ಟೆ. ವಿಮಾನದಲ್ಲಿ ಇಂಥ ತಪ್ಪಿಗೆ ಬೆಲೆಯೇ ಬೇರೆ.

ಈ ವಿಷಯದಲ್ಲಿ ಅತ್ಯಂತ ಹೆಚ್ಚು ಬರಹ, ವಾದ, ಕರಾರುಗಳು ಹುಟ್ಟಿರುವುದು ಅಮೆರಿಕದಲ್ಲಿ. ಆದ್ದರಿಂದ ಮೊದಲು ಅಲ್ಲಿಗೆ ಹೋಗೋಣ. 1931ರಲ್ಲಿ ಅಲ್ಲಿನ ಚಾಲಕರು ತಮ್ಮದೊಂದು ಸಂಘ ಕಟ್ಟಿಕೊಂಡರು. 1934ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿಯು ‘83ನೆಯ ನಿರ್ಣಯ’ ಎಂದು ಹೆಸರಾದ ತೀರ್ಪಿನಲ್ಲಿ ಚಾಲಕನ ತಿಂಗಳ ಹಾರಾಟವನ್ನು 85 ಗಂಟೆಗೆ ಮಿತಿಗೊಳಿಸಿತು. 1936ರಲ್ಲಿ ರೈಲ್ವೆ ಕಾರ್ಮಿಕರಿಗೆಂದು ಮಾಡಿದ್ದ ಕಾಯಿದೆಯನ್ನು ವಿಮಾನ ಕಂಪನಿಗಳಿಗೂ ವಿಸ್ತರಿಸಿದರು. ಈ ಕಾಯಿದೆಯಲ್ಲಿ ಒಂದು ವಿಶೇಷವಿದೆ. ಕರಾರಿನ ಅವಧಿ ಮುಗಿದರೂ ಕರಾರು ಸಾಯುವುದಿಲ್ಲ. ಹೊಸದು ಬರುವವರೆಗೆ ಹಳೆಯದೇ ನಡೆಯುತ್ತದೆ. ಹಾಗಾಗಿ ದಶಕಗಳ ಹಿಂದೆ ಯಾರೋ ಪಟ್ಟು ಹಿಡಿದು ಸೇರಿಸಿದ ಒಂದು ವಾಕ್ಯ ಇಂದಿನ ಚಾಲಕನ ಭಾನುವಾರವನ್ನು ನಿರ್ಧರಿಸುವುದುಂಟು.

ಈಗ ಪಟ್ಟಿ ತಯಾರಾಗುವ ಬಗೆ. ನಮ್ಮ ಹಳ್ಳಿಗಳಿಗೆ ಬರುವ ನೈಟ್ ಹಾಲ್ಟ್ ಬಸ್ಸನ್ನು ನೆನಪಿಸಿಕೊಳ್ಳಿ. ಸಂಜೆ ಡಿಪೋ ಬಿಟ್ಟ ಚಾಲಕ ಹಳ್ಳಿಯಲ್ಲಿ ಮಲಗಿ ಬೆಳಿಗ್ಗೆ ಮರಳುತ್ತಾನೆ. ವಿಮಾನ ಚಾಲಕನ ಕೆಲಸವೂ ಹೀಗೆಯೇ ಸುತ್ತುಗಳಲ್ಲಿರುತ್ತದೆ. ತನ್ನ ನೆಲೆಯಾದ ಊರಿನಿಂದ ಹೊರಟು, ಎರಡು ಮೂರು ನಾಲ್ಕು ದಿನ ಬೇರೆ ಬೇರೆ ಊರುಗಳಲ್ಲಿ ತಂಗಿ, ಮತ್ತೆ ನೆಲೆಗೆ ಬಂದರೆ ಒಂದು ಸುತ್ತು. ಸಾವಿರಾರು ಹಾರಾಟಗಳನ್ನು ಇಂಥ ಸುತ್ತುಗಳಾಗಿ ಹೆಣೆಯುವುದು ಗಣಿತದ ಅತಿ ಕಠಿಣ ಸಮಸ್ಯೆಗಳಲ್ಲಿ ಒಂದು. ಸಾಧ್ಯವಿರುವ ಸುತ್ತುಗಳು ಕೋಟಿಗಟ್ಟಲೆ. ಪ್ರತಿ ಹಾರಾಟವೂ ಯಾವುದಾದರೂ ಒಂದೇ ಒಂದು ಸುತ್ತಿನಲ್ಲಿ ಬರಬೇಕು. ಒಟ್ಟು ವೆಚ್ಚ ಕನಿಷ್ಠವಾಗಬೇಕು. ಗಣಕಯಂತ್ರದಿಂದ ಈ ಲೆಕ್ಕ ಮಾಡಿ ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಉಳಿಸುತ್ತಿರುವುದಾಗಿ ಅಮೆರಿಕನ್ ಏರ್‌ಲೈನ್ಸ್‌ನ ತಜ್ಞರು 1991ರಲ್ಲಿಯೇ ಪ್ರಕಟಿಸಿದ್ದರು.

ಸುತ್ತುಗಳು ಸಿದ್ಧವಾದ ಮೇಲೆ ಅವನ್ನು ಚಾಲಕರಿಗೆ ಹಂಚಬೇಕು. ಹಳೆಯ ಪದ್ಧತಿಯಲ್ಲಿ ಕಂಪನಿಯು ಇಡೀ ತಿಂಗಳ ಪಟ್ಟಿಗಳನ್ನು ಮೊದಲೇ ಹೊಂದಿಸಿ ಪ್ರಕಟಿಸುತ್ತದೆ. ಇದಕ್ಕೆ ‘ಲೈನ್’ ಎಂದು ಹೆಸರು. ಚಾಲಕರು ತಮಗೆ ಬೇಕಾದ ಲೈನುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ. ಸಿಇಟಿಯಲ್ಲಿ ನೀವು ಕಾಲೇಜುಗಳ ಆಪ್ಷನ್ ಎಂಟ್ರಿ ಮಾಡುವಿರಲ್ಲ, ಹಾಗೆ. ಅಲ್ಲಿ ರ‍್ಯಾಂಕ್, ಇಲ್ಲಿ ಸೇವಾ ಹಿರಿತನ. ಮೊದಲನೆಯವನಿಗೆ ಬೇಕಾದದ್ದು ಸಿಗುತ್ತದೆ, ಕೊನೆಯವನಿಗೆ ಉಳಿದದ್ದು. ಲೈನೇ ಸಿಗದ ಕಿರಿಯರು ‘ರಿಸರ್ವ್’ ಆಗಿರುತ್ತಾರೆ. ಯಾರಾದರೂ ಕಾಯಿಲೆ ಬಿದ್ದರೆ, ಮಂಜು ಮುಸುಕಿದರೆ ಫೋನ್ ಬರುತ್ತದೆ. ಹೇಳಿದ ಹೊತ್ತಿನೊಳಗೆ ಸಮವಸ್ತ್ರ ತೊಟ್ಟು ನಿಲ್ದಾಣದಲ್ಲಿ ಹಾಜರಿರಬೇಕು.

ಎರಡನೆಯ ಪದ್ಧತಿಯಲ್ಲಿ ಸಿದ್ಧ ಲೈನುಗಳು ಇರುವುದಿಲ್ಲ. ಚಾಲಕ ತನ್ನ ಬೇಡಿಕೆಗಳನ್ನು ಗಣಕಯಂತ್ರಕ್ಕೆ ತಿಳಿಸುತ್ತಾನೆ. ‘ಹದಿನಾರನೆಯ ತಾರೀಕು ಮಗಳ ಹುಟ್ಟುಹಬ್ಬ, ರಜೆ ಬೇಕು, ಬೆಳಗಿನ ಐದಕ್ಕೆ ಹಾಜರಾಗುವ ಕೆಲಸ ಬೇಡ, ನಾಲ್ಕು ದಿನದ ಸುತ್ತಾದರೂ ಚಿಂತೆಯಿಲ್ಲ.’ ಯಂತ್ರವು ಹಿರಿತನದ ಕ್ರಮದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಲೈನನ್ನು ಕಟ್ಟಿಕೊಡುತ್ತದೆ. ಮೊದಲನೆಯದು ಅಂಗಡಿಯ ಸಿದ್ಧ ಉಡುಪಾದರೆ ಇದು ದರ್ಜಿ ಅಳತೆ ತೆಗೆದು ಹೊಲಿದದ್ದು. ಕೇಳಲು ಎರಡನೆಯದೇ ಮೇಲು. ಹಾಗಿದ್ದರೂ ಅನೇಕ ಚಾಲಕ ಸಂಘಗಳು ಇದನ್ನು ವರ್ಷಗಟ್ಟಲೆ ವಿರೋಧಿಸಿದವು. ಏಕೆ?

ರಜೆಯ ಉದಾಹರಣೆಯನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಲೈನ್ ಮೊದಲೇ ಇರುತ್ತದೆ, ರಜೆ ಅದರ ಮೇಲೆ ಬಂದು ಬೀಳುತ್ತದೆ. ಏಳು ದಿನದ ರಜೆಯ ಹಿಂದಿನ ಎರಡು ದಿನಗಳಲ್ಲಿ ಆರಂಭವಾಗಿ ರಜೆಯೊಳಗೆ ಚಾಚುವ ನಾಲ್ಕು ದಿನದ ಸುತ್ತು ಇದ್ದರೆ, ಅನೇಕ ಕರಾರುಗಳ ಪ್ರಕಾರ ಇಡೀ ಸುತ್ತು ಹೋಯಿತು, ಸಂಬಳ ಮಾತ್ರ ಉಳಿಯಿತು. ಏಳು ದಿನದ ರಜೆ ಒಂಬತ್ತು ದಿನವಾಯಿತು. ಜಾಣ ಚಾಲಕರು ಇಂಥ ಲೈನುಗಳನ್ನೇ ಹುಡುಕಿ ಕೇಳುತ್ತಿದ್ದರು. ಹೊಸ ಪದ್ಧತಿಯಲ್ಲಿ ಯಂತ್ರಕ್ಕೆ ರಜೆಯ ತಾರೀಕು ಮೊದಲೇ ಗೊತ್ತು. ಅದು ರಜೆಯ ಅಂಚಿನವರೆಗೆ ಕೆಲಸ ತುಂಬಿಸುತ್ತದೆ, ಒಂದು ದಿನವೂ ಪೋಲಾಗುವುದಿಲ್ಲ. ಕಂಪನಿಗೆ ಅದು ಪೋಲು. ಚಾಲಕನಿಗೆ ಅದು ಕರಾರಿನಿಂದ ಗಳಿಸಿದ ವಿಶ್ರಾಂತಿ. ಹೀಗೆ ಉಳಿದ ದಿನಗಳನ್ನೆಲ್ಲ ಕೂಡಿದರೆ ಅಷ್ಟೇ ಹಾರಾಟಕ್ಕೆ ಕಡಿಮೆ ಚಾಲಕರು ಸಾಕು. ಆದ್ದರಿಂದಲೇ ಈ ಪದ್ಧತಿಗೆ ಒಪ್ಪಿದ ಸಂಘಗಳು ಬದಲಿಗೆ ರಜೆಯ ಪ್ರತಿ ದಿನಕ್ಕೂ ಇಷ್ಟು ಗಂಟೆಯ ಸಂಬಳ ಎಂದು ಕೇಳಿ ಪಡೆದವು.

ಇನ್ನೊಂದು ತೊಡಕು. ಸಿದ್ಧ ಲೈನಿನಲ್ಲಿ ನನಗೆ ಬೇಕಾದದ್ದು ಹಿರಿಯನಿಗೆ ಹೋಯಿತೇ, ಕಿರಿಯನಿಗೆ ಹೋಯಿತೇ ಎಂದು ಯಾರು ಬೇಕಾದರೂ ಕಣ್ಣಿನಿಂದಲೇ ನೋಡಿ ಹೇಳಬಹುದು. ಹೊಸ ಪದ್ಧತಿಯಲ್ಲಿ ಎಲ್ಲರ ಬೇಡಿಕೆಯನ್ನೂ ಈಡೇರಿಸಿದರೆ ಕೆಲವು ಹಾರಾಟಗಳಿಗೆ ಜನವೇ ಇರುವುದಿಲ್ಲ ಎಂದಾದಾಗ ಯಂತ್ರವು ಬೇಡಿಕೆಯನ್ನು ಬದಿಗಿಟ್ಟು ಕೆಲಸ ಹಾಕುತ್ತದೆ. ಹಾಗೆ ಹಾಕಿದ್ದು ನ್ಯಾಯವೇ ಎಂದು ತಿಳಿಯಲು ಸಂಘವೇ ಲೆಕ್ಕ ಬಲ್ಲ ಚಾಲಕರ ಸಮಿತಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ಯುರೋಪಿನ ರಯಾನ್ಏರ್ ಹಿಡಿದ ದಾರಿ ಇವೆರಡಕ್ಕಿಂತ ಸರಳ: ಐದು ದಿನ ಕೆಲಸ, ನಾಲ್ಕು ದಿನ ಬಿಡುವು. ಆಯ್ಕೆ ಕಡಿಮೆ, ಆದರೆ ಮುಂದಿನ ತಿಂಗಳ ಮದುವೆಗೆ ಹೋಗಬಹುದೇ ಎಂದು ಇಂದೇ ಹೇಳಬಹುದು.

ಯಂತ್ರ ಬುದ್ಧಿವಂತವೋ ಅಲ್ಲವೋ ಎಂಬುದಕ್ಕಿಂತ ಅದಕ್ಕೆ ಕೊಟ್ಟ ನಿಯಮ ಏನು ಎಂಬುದು ಮುಖ್ಯ ಎಂದು ನನಗನ್ನಿಸಿದ್ದು ಸಂಬಳದ ಲೆಕ್ಕ ನೋಡಿದಾಗ. ಅಮೆರಿಕದ ಚಾಲಕನಿಗೆ ಸಂಬಳ ಮುಖ್ಯವಾಗಿ ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವವರೆಗಿನ ಗಂಟೆಗಳಿಗೆ. ಹಾಗಾದರೆ ಹೋಟೆಲಿನಲ್ಲಿ ಕಾದು ಕುಳಿತ ಹೊತ್ತು? ಇದಕ್ಕಾಗಿ ಕರಾರುಗಳಲ್ಲಿ ಒಂದು ಉಪಾಯ ಇದೆ. ಉದಾಹರಣೆಗೆ, ನೆಲೆಯಿಂದ ದೂರವಿದ್ದ ಪ್ರತಿ ಮೂರೂವರೆ ಗಂಟೆಗೆ ಕನಿಷ್ಠ ಒಂದು ಗಂಟೆಯ ಸಂಬಳ. ಒಂದು ಸುತ್ತಿನಲ್ಲಿ ಚಾಲಕ 63 ಗಂಟೆ ಹೊರಗಿದ್ದು 14 ಗಂಟೆ ಮಾತ್ರ ಹಾರಿದನೆನ್ನಿ. 63ನ್ನು 3.5ರಿಂದ ಭಾಗಿಸಿದರೆ 18. ಕಂಪನಿ 14ಕ್ಕೆ ಬದಲು 18 ಗಂಟೆಗೆ ಹಣ ಕೊಡಬೇಕು. ಈ ಒಂದು ವಾಕ್ಯ ಬಂದ ಕೂಡಲೇ ಯಂತ್ರದ ಕಣ್ಣಿಗೆ ಚಾಲಕನ ಕಾಯುವಿಕೆ ವೆಚ್ಚವಾಗಿ ಕಾಣಿಸುತ್ತದೆ. ಅದು ಬೇರೆಯೇ ರೀತಿಯ ಸುತ್ತುಗಳನ್ನು ಹೆಣೆಯತೊಡಗುತ್ತದೆ. ಆದರೆ ಅತಿಯಾದರೆ ಇದೂ ಕಷ್ಟ. ಕಾಯುವ ಹೊತ್ತನ್ನು ಹಿಂಡಿ ಹಿಂಡಿ ತೆಗೆದ ಸುತ್ತಿನಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಅಲ್ಲಿ ದೇಶದ ಕಾನೂನು ತಡೆಗೋಡೆಯಾಗಿ ನಿಲ್ಲಬೇಕು.

ಅಮೆರಿಕದಲ್ಲಿ ಆ ಗೋಡೆ ಗಟ್ಟಿಯಾದದ್ದು ಒಂದು ದುರಂತದ ನಂತರ. 2009ರ ಫೆಬ್ರವರಿ 12ರ ರಾತ್ರಿ ಕೋಲ್ಗನ್ ಏರ್ ಕಂಪನಿಯ ವಿಮಾನ ಬಫಲೋ ನಗರದ ಬಳಿ ಒಂದು ಮನೆಯ ಮೇಲೆ ಬಿದ್ದು 50 ಮಂದಿ ಸತ್ತರು. ಸಹಚಾಲಕಿ ಹಿಂದಿನ ರಾತ್ರಿಯನ್ನು ಸಿಯಾಟಲ್‌ನಿಂದ ಬರುವ ವಿಮಾನಗಳಲ್ಲಿ ಕಳೆದಿದ್ದರು. ಕ್ಯಾಪ್ಟನ್ ನಿಲ್ದಾಣದ ಸಿಬ್ಬಂದಿ ಕೊಠಡಿಯಲ್ಲಿ ರಾತ್ರಿ ಕಳೆದಿದ್ದರು. ಮುಖ್ಯ ಕಾರಣ ಕ್ಯಾಪ್ಟನ್ನರ ತಪ್ಪು ಪ್ರತಿಕ್ರಿಯೆ. ಆಯಾಸವೂ ಕೆಲಸ ಮಾಡಿರಬೇಕು, ಆದರೆ ಎಷ್ಟರಮಟ್ಟಿಗೆ ಎಂದು ಅಳೆಯಲಾಗದು ಎಂದರು ತನಿಖೆ ನಡೆಸಿದವರು. 2014ರ ಜನವರಿ 4ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಎರಡು ಕೆಲಸಗಳ ನಡುವೆ 10 ಗಂಟೆಯ ವಿಶ್ರಾಂತಿ, ಅದರೊಳಗೆ 8 ಗಂಟೆ ಅಡ್ಡಿಯಿಲ್ಲದೆ ಮಲಗುವ ಅವಕಾಶ ಕಡ್ಡಾಯವಾಯಿತು. ನನ್ನ ಆ ಆರು ಗಂಟೆಯ ಲೆಕ್ಕ ಇಲ್ಲಿ ನೆನಪಾಗುತ್ತದೆ. ಬಿಡುವನ್ನೂ ನಿದ್ರೆಯನ್ನೂ ಬೇರೆ ಬೇರೆಯಾಗಿ ಬರೆದದ್ದೇ ಈ ನಿಯಮದ ಗುಣ. ದಿನದ ಯಾವ ಹೊತ್ತಿಗೆ ಕೆಲಸ ಆರಂಭವಾಯಿತು ಎಂಬುದರ ಮೇಲೆ ಕೆಲಸದ ಅವಧಿ 9 ಗಂಟೆಯೋ 14 ಗಂಟೆಯೋ ಎಂದು ನಿರ್ಧಾರವಾಗುತ್ತದೆ. ಸರಕು ವಿಮಾನಗಳನ್ನು ಮಾತ್ರ ಇದರಿಂದ ಹೊರಗಿಟ್ಟರು. ರಟ್ಟಿನ ಪೆಟ್ಟಿಗೆ ಹೊತ್ತ ವಿಮಾನದ ಚಾಲಕನಿಗೆ ನಿದ್ರೆ ಬರುವುದಿಲ್ಲವೇ ಎಂಬ ಪ್ರಶ್ನೆಗೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ.

ಕಾನೂನು ಕನಿಷ್ಠವನ್ನು ಹೇಳಿದರೆ ಅದಕ್ಕೂ ಮೇಲಿನದು ಕರಾರಿನ ಪಾಲು. 2017ರ ನವೆಂಬರ್ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಗಣಕಯಂತ್ರದಲ್ಲಿ ಒಂದು ದೋಷ ಕಂಡುಬಂತು. ಡಿಸೆಂಬರ್ ತಿಂಗಳ ಸುತ್ತುಗಳನ್ನು ಬಿಟ್ಟುಕೊಡಲು ಕೇಳಿದ ಚಾಲಕರಿಗೆಲ್ಲ ಅದು ಒಪ್ಪಿಗೆ ಕೊಟ್ಟುಬಿಟ್ಟಿತ್ತು. ಕ್ರಿಸ್‌ಮಸ್ ಕಾಲದ ಸಾವಿರಾರು ಹಾರಾಟಗಳಿಗೆ ಚಾಲಕರೇ ಇಲ್ಲ! ಕಂಪನಿಯು ಒಂದೂವರೆ ಪಟ್ಟು ಸಂಬಳ ಕೊಡುತ್ತೇವೆ ಬನ್ನಿ ಎಂದಿತು. ಚಾಲಕರ ಸಂಘ ಆಕ್ಷೇಪಿಸಿತು. ಹೆಚ್ಚು ಹಣ ಕೊಡುವುದಕ್ಕೂ ಆಕ್ಷೇಪವೇ ಎಂದು ನೀವು ನಗಬಹುದು. ಸಂಘದ ವಾದ ಇಷ್ಟೆ: ದರವನ್ನು ಒಬ್ಬರೇ ನಿರ್ಧರಿಸಲು ಬಿಟ್ಟರೆ ನಾಳೆ ಇಳಿಸುವುದನ್ನೂ ಒಬ್ಬರೇ ನಿರ್ಧರಿಸಿಯಾರು. ಕೊನೆಗೆ ಇಬ್ಬರೂ ಕೂತು ಎರಡು ಪಟ್ಟು ಸಂಬಳಕ್ಕೆ ಒಪ್ಪಿದರು; ಹಬ್ಬದ ಹಾರಾಟಗಳು ನಡೆದವು.

ನಮ್ಮ ದೇಶದಲ್ಲಿ ಇಂಥ ಹಿರಿತನದ ಹಕ್ಕು, ನೂರಾರು ಪುಟಗಳ ಕರಾರು ಅಷ್ಟಾಗಿ ಬೆಳೆದಿಲ್ಲ. ಪಟ್ಟಿಯನ್ನು ಹೆಚ್ಚಾಗಿ ಕಂಪನಿಯೇ ಮಾಡುತ್ತದೆ. ಹಾಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಮೇಲೆಯೇ ಎಲ್ಲ ಭಾರ. 2024ರ ಜನವರಿಯಲ್ಲಿ ನಿರ್ದೇಶನಾಲಯವು ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿಯ ವ್ಯಾಖ್ಯೆಯನ್ನು ಬೆಳಗಿನ ಐದರಿಂದ ಆರರವರೆಗೆ ವಿಸ್ತರಿಸಿ, ರಾತ್ರಿ ಇಳಿಸುವಿಕೆಗಳನ್ನು ಆರರಿಂದ ಎರಡಕ್ಕೆ ತಗ್ಗಿಸಿ ಹೊಸ ನಿಯಮ ಬರೆಯಿತು. ಅವು ಎರಡು ಹಂತಗಳಲ್ಲಿ, 2025ರ ಜುಲೈ 1 ಮತ್ತು ನವೆಂಬರ್ 1ರಂದು ಜಾರಿಗೆ ಬಂದವು. ಡಿಸೆಂಬರ್ ಮೊದಲ ವಾರ ಇಂಡಿಗೋ ಸಂಸ್ಥೆಯ ಪಟ್ಟಿ ಕುಸಿಯಿತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಪೆಟ್ಟಿಗೆಗಳ ರಾಶಿಯ ನಡುವೆ ಜನ ನೆಲದ ಮೇಲೆ ಕೂತಿದ್ದ ದೃಶ್ಯಗಳನ್ನು ನೀವೂ ನೋಡಿರುತ್ತೀರಿ. ಹೊಸ ನಿಯಮಕ್ಕೆ ಎಷ್ಟು ಚಾಲಕರು ಬೇಕು ಎಂಬ ಅಂದಾಜಿನಲ್ಲಿ ತಪ್ಪಾಯಿತೆಂದು ಸಂಸ್ಥೆ ಒಪ್ಪಿಕೊಂಡಿತು. ರಾತ್ರಿಯ ಮಿತಿಗಳಿಂದ ಅದಕ್ಕೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ದೊರೆಯಿತು.

ಅದೇ ದಿನ ಇನ್ನೊಂದು ಆದೇಶವೂ ಹೊರಟಿತು. ಚಾಲಕ ತೆಗೆದುಕೊಂಡ ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಹಾಕಬಾರದು ಎಂಬ ವಾಕ್ಯವೊಂದು ನಿಯಮದಲ್ಲಿತ್ತು, ಅದನ್ನು ಹಿಂತೆಗೆದುಕೊಂಡರು. ಜ್ವರ ಬಂದ ಮಗುವಿನ ಪಕ್ಕ ಎರಡು ರಾತ್ರಿ ಎಚ್ಚರವಿದ್ದ ಚಾಲಕನ ಆ ಎರಡು ದಿನವನ್ನು ಮತ್ತೆ ವಿಶ್ರಾಂತಿ ಎಂದು ಎಣಿಸಲು ದಾರಿಯಾಯಿತು. ಹಾರಾಟ ರದ್ದಾದದ್ದು ಪತ್ರಿಕೆಗಳ ಮೊದಲ ಪುಟದಲ್ಲಿ ಬಂದಿತ್ತು. ಈ ಒಂದು ಸಾಲು ಹೋದದ್ದನ್ನು ಪ್ರಯಾಣಿಕರಲ್ಲಿ ಎಷ್ಟು ಮಂದಿ ಗಮನಿಸಿದರೋ!

ಅಮೆರಿಕದ ನಿಯಮದಲ್ಲಿ ಪ್ರತಿ ಹಾರಾಟಕ್ಕೂ ಮೊದಲು ಚಾಲಕ ‘ನಾನು ಕೆಲಸಕ್ಕೆ ಯೋಗ್ಯನಾಗಿದ್ದೇನೆ’ ಎಂದು ಲಿಖಿತವಾಗಿ ದೃಢಪಡಿಸಬೇಕು. ಇಲ್ಲ ಎನ್ನುವ ಹಕ್ಕೂ ಅವನಿಗಿದೆ, ಅದು ಕರ್ತವ್ಯವೂ ಹೌದು. ಹಾಗೆ ಇಲ್ಲ ಎಂದ ದಿನದ ಸಂಬಳ ಉಳಿಯುತ್ತದೆಯೇ, ಕಾಯಿಲೆ ರಜೆಯಿಂದ ಕಳೆಯುತ್ತದೆಯೇ, ವಿವರಣೆ ಯಾರಿಗೆ ಕೊಡಬೇಕು ಎಂಬುದೆಲ್ಲ ಕರಾರಿನಲ್ಲಿ ಬರೆದಿರುತ್ತದೆ, ಒಂದೊಂದು ಕಂಪನಿಯಲ್ಲಿ ಒಂದೊಂದು ತರ. ಬೆಳಗಿನ ನಾಲ್ಕು ಗಂಟೆಗೆ ಹೋಟೆಲಿನ ಕೊಠಡಿಯಲ್ಲಿ ಎಚ್ಚರವಾಗಿ ಕೂತ ಸಹಚಾಲಕ ಫೋನ್ ಕೈಗೆತ್ತಿಕೊಳ್ಳುವ ಮೊದಲು ಯೋಚಿಸುವುದು ಈ ಪುಟವನ್ನೇ.