ನಾಲ್ಕು ಬೋಲ್ಟುಗಳ ಬಿಗಿ



ಮಾರುತಿ ಓಮ್ನಿಯ ತಯಾರಿಕೆ ನಿಂತದ್ದು 2019ರಲ್ಲಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ರಸ್ತೆಗಿಳಿದ ಗಾಡಿ ಅದು. ಬಂಟ್ವಾಳ ತಾಲೂಕಿನ ನರಿಕೊಂಬು, ಪಾಣೆಮಂಗಳೂರು, ಬಿ.ಸಿ. ರೋಡ್ ಸುತ್ತಮುತ್ತ ಇವತ್ತಿಗೂ ಶಾಲೆಗೆ ಮಕ್ಕಳನ್ನು ಒಯ್ಯುವುದು, ಅಡಿಕೆ ಮೂಟೆ ಹೊರುವುದು, ಸಮಾರಂಭದ ಮನೆಗೆ ಪಾತ್ರೆ ಮುಟ್ಟಿಸುವುದು ಇಂಥ ಹಳೆಯ ವ್ಯಾನುಗಳೇ. ಹೊಸದು ಕೊಳ್ಳಲು ಎಲ್ಲರಿಂದಲೂ ಆಗುವುದಿಲ್ಲ. ಆದ್ದರಿಂದ ಇರುವುದನ್ನು ಸುರಕ್ಷಿತವಾಗಿ ಓಡಿಸುವ ಬಗ್ಗೆ ಗಂಭೀರವಾಗಿ ಮಾತಾಡಲೇಬೇಕು. ಮೆಕ್ಯಾನಿಕ್‌ಗಳು, ವ್ಯಾನು ಮಾಲಕರು, ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿರುವ ಈ ಗೋಷ್ಠಿ ಅದಕ್ಕಾಗಿ ಆರಿಸಿಕೊಂಡಿರುವ ಭಾಗ ಬಲು ಸಣ್ಣದು: ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಬೋಲ್ಟುಗಳು.

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನಡಿ, ತಿರುಗಬೇಕಾದ್ದು ಹಿಂದಿನ ಚಕ್ರ. ನಡುವಿನ ಪ್ರೊಪೆಲ್ಲರ್ ಶಾಫ್ಟಿನ ಹಿಂತುದಿಯನ್ನು ಡಿಫರೆನ್ಷಿಯಲ್‌ನ ಫ್ಲ್ಯಾಂಜಿಗೆ ಕಟ್ಟಿಹಾಕಿರುವುದು ನಾಲ್ಕೇ ಬೋಲ್ಟು. ಎಂಜಿನ್ ಕೊಡುವುದು ಸುಮಾರು 60 ನ್ಯೂಟನ್ ಮೀಟರ್ ತಿರುಚು ಬಲ. ಮೊದಲ ಗೇರಿನಲ್ಲಿ ಅದು ಮೂರು ಪಟ್ಟಿಗೂ ಹೆಚ್ಚಾಗಿ ಈ ಫ್ಲ್ಯಾಂಜಿಗೆ ಬಂದು ಬೀಳುತ್ತದೆ. ಆಕ್ಸಿಲರೇಟರ್ ಬಿಟ್ಟೊಡನೆ ಬಲದ ದಿಕ್ಕು ತಿರುವುಮುರುವಾಗುತ್ತದೆ. ಪೇಟೆಯೊಳಗೆ ಓಡುವ ವ್ಯಾನಿಗೆ ಇದು ದಿನವಿಡೀ ತಪ್ಪಿದ್ದಲ್ಲ.

ಈ ಬಲವನ್ನು ಬೋಲ್ಟಿನ ಕಡ್ಡಿಯೇ ಹೊರುತ್ತದೆ ಎಂದು ತಿಳಿದವರು ಹಲವರು. ಹಾಗೆ ಹೊರಬೇಕಾಗಿ ಬಂದರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಸರಿಯಾಗಿ ಬಿಗಿದ ಬೋಲ್ಟು ರಬ್ಬರ್ ಬ್ಯಾಂಡಿನಂತೆ ಕೂದಲೆಳೆಯಷ್ಟು ಹಿಗ್ಗಿ ಎರಡು ಫ್ಲ್ಯಾಂಜುಗಳನ್ನು ಒತ್ತಿ ಹಿಡಿದಿರುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಬಲವನ್ನು ದಾಟಿಸುವುದು. ಒತ್ತಡ ಕಡಿಮೆಯಾದರೆ ಫ್ಲ್ಯಾಂಜುಗಳು ಒಂದರ ಮೇಲೊಂದು ಜಾರತೊಡಗುತ್ತವೆ. ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಬೋಲ್ಟಿನ ಉದ್ದಕ್ಕೆ ಬರುವ ಅದುರಾಟಕ್ಕಿಂತ ಅಡ್ಡಲಾಗಿ ಬರುವ ಜಾರಾಟ ನಟ್ಟನ್ನು ಬಲುಬೇಗ ತಾನಾಗಿ ಬಿಚ್ಚಿಸುತ್ತದೆ. ನಾವೆಲ್ಲ ನಂಬಿಕೊಂಡು ಬಂದ ಸ್ಪ್ರಿಂಗ್ ವಾಷರ್ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಸಡಿಲಾದ ಜೋಡಣೆಯನ್ನು ಬಿಚ್ಚಿ ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಫ್ಲ್ಯಾಂಜಿನ ಮುಖದಲ್ಲಿ ಕೆಂಪು ಹುಡಿ. ಉರುಟಾಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಬೋಲ್ಟಿನ ಮೈಯಲ್ಲಿ ಉಜ್ಜಿ ಹೊಳೆಯುವ ಪಟ್ಟಿ. ತುಂಡಾದ ಬೋಲ್ಟಿನ ಬಾಯಿಯಲ್ಲಿ ಒಂದು ಅಂಚಿನಿಂದ ಹೊರಟ ಅರ್ಧಚಂದ್ರದಂಥ ನಯವಾದ ಗೆರೆಗಳು, ಕೊನೆಗೆ ಒರಟಾಗಿ ಹರಿದ ಸಣ್ಣ ಭಾಗ. ಆ ನಯವಾದ ಭಾಗವೆಲ್ಲ ದಿನದಿನವೂ ಬೆಳೆದ ಬಿರುಕು. ಒರಟು ಭಾಗವಷ್ಟೇ ಗಾಡಿ ನಿಂತ ದಿನದ್ದು.

ಹಾಗಾದರೆ ಬಿಗಿ ತಪ್ಪುವುದೆಲ್ಲಿ? ಬಹುಮಟ್ಟಿಗೆ ಗ್ಯಾರೇಜಿನಲ್ಲೇ, ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟಿನ ಕ್ರಾಸ್ ಬದಲಿಸುವಾಗ. ಶಾಫ್ಟ್ ಇಳಿಸಿ, ಹೊಸ ಕ್ರಾಸ್ ಕೂರಿಸಿ, ಹಳೆಯ ಬೋಲ್ಟನ್ನೇ ಹಾಕಿ, ಕೈಯಂದಾಜಿನಲ್ಲಿ ಬಿಗಿದು ಕಳಿಸುವುದು ರೂಢಿ. ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದನ್ನು ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆ ನುಂಗುತ್ತದೆ. ಥ್ರೆಡ್ ತುಕ್ಕು ಹಿಡಿದಿದ್ದರೆ ಕೈಗೆ ಬಿಗಿಯೆನಿಸಿದರೂ ಒಳಗೆ ಸಡಿಲ. ಎಣ್ಣೆ ಸವರಿದ್ದರೆ ಅದೇ ಕೈಬಲಕ್ಕೆ ಬೋಲ್ಟು ಮಿತಿಮೀರಿ ಹಿಗ್ಗಬಹುದು. ಫ್ಲ್ಯಾಂಜುಗಳ ನಡುವೆ ಗ್ರೀಸು, ಬಣ್ಣ, ಕೆಸರು ಉಳಿದರೆ ಗಾಡಿ ಓಡಿದಂತೆ ಅದು ಕೂತು ಬಿಗಿ ಇಳಿಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಊರಿನಲ್ಲಿ ತುಕ್ಕು, ಕೆಸರು ಯಾವ ಗಾಡಿಯನ್ನೂ ಬಿಡುವುದಿಲ್ಲ. ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನೂ ನೋಡಬೇಕು. 8.8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ತಾಳುವ ಉಕ್ಕು, 10.9 ಎಂದರೆ 1,000. ಅಂಥ ಜಾಗಕ್ಕೆ ಗುರುತೇ ಇಲ್ಲದ ಬೋಲ್ಟು ತಂದು ಹಾಕುವುದು ಪ್ರಯಾಣಿಕರ ಜೀವದ ಮೇಲೆ ಮಾಡುವ ಉಳಿತಾಯ.

ಇದು ಓಮ್ನಿಯೊಂದರ ಕಷ್ಟವಲ್ಲ. ಹಿಂದೆ ಎಂಜಿನ್ ಇರುವ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನ ಎರಡು ಡ್ರೈವ್ ಶಾಫ್ಟಿಗೆ ನಾಲ್ಕು ಜಾಯಿಂಟ್, ಒಂದೊಂದಕ್ಕೆ ಆರರಂತೆ 24 ಬೋಲ್ಟು. ಅದನ್ನು ಸಾಕಿದವರೆಲ್ಲ ಇದೇ ಪಾಠ ಕಲಿತಿದ್ದಾರೆ: ಒರೆಸಿ ಒಣಗಿಸು, ಅಳೆದು ಬಿಗಿ, ಓಡಿಸಿ ಮತ್ತೆ ನೋಡು. ಹಿಂದಿನ ಆಕ್ಸೆಲ್ ಶಾಫ್ಟನ್ನು ಹಬ್ಬಿಗೆ ಬೋಲ್ಟ್ ಹಾಕಿ ಕೂರಿಸಿದ ದೊಡ್ಡ ವ್ಯಾನುಗಳಲ್ಲಿ ಹಬ್ಬಿನ ಸುತ್ತ ಎಣ್ಣೆಯ ಜಿನುಗು ಮೊದಲ ಸೂಚನೆ. ಪ್ರೊಪೆಲ್ಲರ್ ಶಾಫ್ಟಿನಲ್ಲಾದರೆ ಕ್ಲಚ್ ಬಿಡುವಾಗ ಬರುವ 'ಟಕ್' ಸದ್ದು. ಇದಕ್ಕೆ ಕಿವಿಗೊಡುವ ಚಾಲಕನೇ ಮೊದಲ ತಪಾಸಣಾಧಿಕಾರಿ.

ಘಾಟಿಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಧರ್ಮಸ್ಥಳದ ಯಾತ್ರಿಕರನ್ನು ಹೊತ್ತ ವ್ಯಾನು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬೋಲ್ಟು ತುಂಡಾದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಗೇರಿನ ಹಿಡಿತ ಆ ಕ್ಷಣವೇ ಇಲ್ಲ. ಕಾದ ಬ್ರೇಕೊಂದೇ ಗತಿ. ಹ್ಯಾಂಡ್ ಬ್ರೇಕನ್ನು ಗೇರ್‌ಬಾಕ್ಸಿನ ಹಿಂದೆಯೇ ಅಳವಡಿಸಿದ್ದ ಹಳೆಯ ಜೀಪುಗಳಲ್ಲಿ ಅದೂ ಕೈಕೊಡುತ್ತದೆ. ನೆಲಕ್ಕೆ ಬಿದ್ದ ಶಾಫ್ಟು ಅಡಿಭಾಗವನ್ನು ಬಡಿಯುವ ಅಪಾಯ ಬೇರೆ.

ಕಾನೂನು ಒಂದಿಷ್ಟು ಕಾವಲು ಇಟ್ಟಿದೆ. 8 ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಬಿಳಿ ಬೋರ್ಡಿನ ವ್ಯಾನಿಗಾದರೋ 15 ವರ್ಷವಾದ ಮೇಲೆ, ಆಮೇಲೆ 5 ವರ್ಷಕ್ಕೊಮ್ಮೆ. ಬೋಲ್ಟು ಸಡಿಲಾಗಲು ಅಷ್ಟು ಕಾಲ ಬೇಕಾಗಿಲ್ಲ.

ಈ ಗೋಷ್ಠಿಯಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗ್ಯಾರೇಜುಗಳಿಗೆ ಹೋಗಬೇಕಾದ ವಿನಂತಿ ಸರಳವಾದದ್ದು. ಒಂದು ಟಾರ್ಕ್ ರೆಂಚ್ ಇಟ್ಟುಕೊಳ್ಳಿ. ಆಯಾ ಗಾಡಿಯ ಸರ್ವಿಸ್ ಪುಸ್ತಕದ ಅಳತೆಗೆ ಬಿಗಿಯಿರಿ. ಶಾಫ್ಟ್ ಇಳಿಸಿದಾಗಲೆಲ್ಲ ಬೋಲ್ಟು, ನಟ್ಟು ಹೊಸತು ಹಾಕಿ. ಬಿಗಿದ ಮೇಲೆ ನಟ್ಟಿನಿಂದ ಫ್ಲ್ಯಾಂಜಿಗೆ ಪೈಂಟಿನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ. ನೂರು ಕಿಲೋಮೀಟರ್ ಓಡಿದ ಬಳಿಕ, ಅಂದರೆ ಬಿ.ಸಿ. ರೋಡಿನಿಂದ ಮಂಗಳೂರಿಗೆ ಎರಡು ಸಲ ಹೋಗಿ ಬಂದ ಮೇಲೆ, ಗಾಡಿಯನ್ನು ಮತ್ತೆ ಕರೆಸಿ ನೋಡಿ. ಮಾಲಕರು ಆ ಎರಡನೇ ಭೇಟಿಗೆ ಬರಬೇಕು. ಆ ಕೆಲಸಕ್ಕೂ ಕೂಲಿ ಕೊಡಬೇಕು.